ಕತ್ತೆ ತಿಂದ ಟೋಪಿ

ದ್ರಾಮಾ ಪಟ್ಟಣದ ಮೇಲಿನ ಗುಡ್ಡಸಾಲಿನಲ್ಲಿರುವ ಆ ಹೊಗೆಸೊಪ್ಪಿನ ಊರಿನಲ್ಲಿ ಮದುವೆಯೋ ನಾಮಕರಣವೋ ನಡೆದಾಗ, ಊಟದ ನಡುವೆ ಕಾಫಿ ಅಂಗಡಿಯ ಅನೆಸ್ತಿಸ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡನೆಂದರೆ, ಲಾಜರೋಸ್ ಕುರ್ಚಿ ಹಿಂದಕ್ಕೆ ತಳ್ಳಿ ಹೊರಗೆ ಹೋಗಿಬಿಡುತ್ತಿದ್ದ. ಅವನು ಹೊರಗೆ ಹೋಗುವುದೂ ಆ ಕಥೆಯ ಒಂದು ಭಾಗವೇ ಆಗಿಹೋಗಿತ್ತು. ಬಾಗಿಲು ದಡಾರನೆ ಮುಚ್ಚಿಕೊಂಡ ಸದ್ದು ಕೇಳಿದ ಮೇಲೆಯೇ ಅನೆಸ್ತಿಸ್ ಶುರುಮಾಡುತ್ತಿದ್ದ. ಲಾಜರೋಸ್ ಮಿಲಿಟರಿಯಲ್ಲಿದ್ದಾಗ ಅವನ ಹೇಸರಗತ್ತೆ ಜನರಲ್ ಸಾಹೇಬರ ಟೋಪಿ ತಿಂದದ್ದು, ಅದಕ್ಕಾಗಿ ಕತ್ತೆಗೂ ಅವನಿಗೂ ಜೊತೆಯಾಗಿ ಸೆರೆಯಾದದ್ದು. ಊರಿನಲ್ಲಿ ಆ ಕಥೆ ಕೇಳದವರು ಹೊಸದಾಗಿ ಬಂದ ಸೊಸೆಯಂದಿರು ಮಾತ್ರ. ಆದರೂ ಎಲ್ಲರೂ ಪ್ರತಿ ಸಲವೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಹೊರಗೆ ಲಾಜರೋಸ್ ಸಿಗರೇಟು ಹಚ್ಚಿ ಅಂಗಳದ ಕಲ್ಲಿನ ಮೇಲೆ ಕೂತಿರುತ್ತಿದ್ದ. ಗಟ್ಟಿಮುಟ್ಟಾದ ಆಳು. ಹೊಗೆಸೊಪ್ಪಿನ ಅಂಟಿನಿಂದ ಬೆರಳುಗಳು ಕಪ್ಪುಗಟ್ಟಿದ್ದವು. ಊರವರು ಅವನನ್ನು ಸಿಡುಕ ಎಂದೇ ಕರೆಯುತ್ತಿದ್ದರು. ಅವನ ಹೊಲದ ಪಕ್ಕ ದನ ಮೇಯಿಸುವವರು ಅವನ ಕೆಮ್ಮು ಕೇಳಿದರೆ ಸಾಕು, ದನಗಳನ್ನು ಆಚೆಗೆ ಹೊಡೆಯುತ್ತಿದ್ದರು. ಹೆಂಡತಿ ಪಾರ್ಥೆನಾ ಒಬ್ಬಳೇ ಅವನಿಗೆ ಹೆದರುತ್ತಿರಲಿಲ್ಲ. ಮದುವೆಯಾದ ಮೊದಲ ವರ್ಷ, ಅನೆಸ್ತಿಸ್ ಕಥೆ ಹೇಳಿದ ದಿನ ಅವಳೂ ನಕ್ಕಿದ್ದಳು. ಮನೆಗೆ ಬಂದ ಮೇಲೆ ಲಾಜರೋಸ್ ಅವಳಿಗೆ ಕಥೆಯ ಉಳಿದ ಅರ್ಧವನ್ನು ಹೇಳಿದ. ಆಮೇಲೆ ಅವಳು ನಗಲಿಲ್ಲ. ಅವನು ಎದ್ದು ಹೊರಗೆ ಹೋದಾಗಲೆಲ್ಲ ಅವಳೂ ತನ್ನ ತಟ್ಟೆ ಬಿಟ್ಟು ಏಳುತ್ತಿದ್ದಳು.

ಆ ಉಳಿದ ಅರ್ಧ ಹೀಗಿದೆ.

ಲಾಜರೋಸ್‌ಗೆ ಯೊರ್ದಾನಿಸ್ ಎಂಬ ಒಬ್ಬ ಅಣ್ಣ. ಅಪ್ಪನಿಗೆ ಸೊಂಟ ಬಿದ್ದುಹೋಗಿದ್ದರಿಂದ ಹೊಗೆಸೊಪ್ಪಿನ ಕೆಲಸವೆಲ್ಲ ಈ ಇಬ್ಬರದೇ. ನಸುಕಿಗೆ ಮುಂಚೆ ಎದ್ದು ಇಬ್ಬನಿ ಆರುವುದರೊಳಗೆ ಎಲೆ ಕೀಳುವುದು, ಮಧ್ಯಾಹ್ನವೆಲ್ಲ ನೆರಳಿನಲ್ಲಿ ಕೂತು ಉದ್ದ ಸೂಜಿಯಿಂದ ಒಂದೊಂದೇ ಎಲೆ ಪೋಣಿಸುವುದು. ಆ ವರ್ಷಗಳಲ್ಲಿ ಊರಿನ ಹುಡುಗರು ಒಬ್ಬರ ಹಿಂದೆ ಒಬ್ಬರಂತೆ ಜರ್ಮನಿಗೋ ಆಸ್ಟ್ರೇಲಿಯಾಕ್ಕೋ ಹೊರಡುತ್ತಿದ್ದರು. ಯೊರ್ದಾನಿಸ್ ಕೂಡ ಮೆಲ್ಬರ್ನ್‌ಗೆ ಅರ್ಜಿ ಹಾಕಿದ. ತಮ್ಮನಿಗೆ ಸೈನ್ಯದ ಕರೆ ಬಂದಾಗಲೇ ಅವನಿಗೂ ಅಲ್ಲಿಂದ ಒಪ್ಪಿಗೆ ಬಂತು. ಗಂಡಾಗಿ ಹುಟ್ಟಿದ ಮೇಲೆ ಸೈನ್ಯದ ಕರೆ ತಪ್ಪಿಸಿಕೊಳ್ಳುವಂತಿಲ್ಲ. ಅಣ್ಣನಾದರೂ ನಿಲ್ಲುತ್ತಾನೆಂದು ನಂಬಿದ್ದ ಲಾಜರೋಸ್‌ಗೆ ಮೈಯೆಲ್ಲ ಉರಿಯಿತು. ತಾನು ಸೈನ್ಯಕ್ಕೆ ಹೊರಡುವ ದಿನ ಅಡುಗೆಮನೆಯಲ್ಲಿ ಅಮ್ಮನ ಎದುರಿಗೇ ಜಗಳವಾಯಿತು. ಅಪ್ಪನನ್ನು ಈ ಸ್ಥಿತಿಯಲ್ಲಿ ಬಿಟ್ಟು ಹೋಗುವವನ ಮುಖ ಇನ್ನು ನೋಡುವುದಿಲ್ಲ, ಹಡಗು ಹತ್ತುವ ದಿನ ಬೀಳ್ಕೊಡಲೂ ಬರುವುದಿಲ್ಲ ಎಂದು ಹೇಳಿ ಲಾಜರೋಸ್ ಚೀಲ ಹೆಗಲಿಗೇರಿಸಿದ.

ಲಾಜರೋಸ್‌ನನ್ನು ಹಾಕಿದ್ದು ಅಲ್ಬೇನಿಯಾ ಗಡಿಯ ಹತ್ತಿರ, ಫ್ಲೋರಿನಾ ಕಡೆಯ ಬೆಟ್ಟಗಳಲ್ಲಿದ್ದ ಒಂದು ಪಡೆಗೆ. ಲಾರಿ ಹೋಗದ ಕಾವಲು ಠಾಣೆಗಳಿಗೆ ಮದ್ದುಗುಂಡು, ಬ್ರೆಡ್ಡು, ಸೌದೆಗಳನ್ನೆಲ್ಲ ಹೇಸರಗತ್ತೆಗಳ ಬೆನ್ನ ಮೇಲೆ ಸಾಗಿಸಬೇಕಿತ್ತು. ಊರಿನ ಅನೆಸ್ತಿಸ್ ಕೂಡ ಅದೇ ಪಡೆಯಲ್ಲಿದ್ದ. ಲಾಜರೋಸ್ ಪಾಲಿಗೆ ಬಂದದ್ದು ಕನೆಲಾ ಎಂಬ ದಾಲ್ಚಿನ್ನಿ ಬಣ್ಣದ ಹೆಣ್ಣು. ಅದು ಬೇರೆ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಹಿಂದಿನ ಇಬ್ಬರು ಆಳುಗಳಲ್ಲಿ ಒಬ್ಬನ ಮೊಣಕಾಲು, ಇನ್ನೊಬ್ಬನ ಮುಂದಿನ ಹಲ್ಲು ಅದಕ್ಕೆ ಬಲಿಯಾಗಿದ್ದವು. ಲಾಜರೋಸ್ ಅದರ ಕಿವಿಯ ಹಿಂದೆ ಕೆರೆದು, ಅದಕ್ಕೆ ಬೈಯುತ್ತ ಬೈಯುತ್ತ ಒಲಿಸಿಕೊಂಡ. ಪ್ರತಿ ಕತ್ತೆಯ ಗೊರಸಿನ ಮೇಲೂ ಕಾಯಿಸಿದ ಕಬ್ಬಿಣದಿಂದ ಒಂದು ನಂಬರು ಬರೆದಿರುತ್ತಿತ್ತು. ಕತ್ತೆ ಕಂದಕಕ್ಕೆ ಬಿದ್ದು ಸತ್ತರೆ ಮೂವರು ಅಧಿಕಾರಿಗಳು ಕೂತು ವಿಚಾರಣೆ ನಡೆಸುತ್ತಾರೆ, ಆಳು ಬಿದ್ದು ಸತ್ತರೆ ಮನೆಗೆ ಒಂದು ತಂತಿ ಕಳಿಸುತ್ತಾರೆ ಎಂದು ಹುಡುಗರು ಹೇಳಿಕೊಂಡು ನಗುತ್ತಿದ್ದರು. ಆಗ ಲಾಜರೋಸ್ ಕೂಡ ನಗುತ್ತಿದ್ದ.

ಪಡೆಯ ಮುಖ್ಯಸ್ಥ ಕ್ಯಾಪ್ಟನ್ ಸ್ಕಾರಾಸ್. ನಲವತ್ತು ದಾಟಿದ್ದರೂ ಮೇಜರ್ ಆಗಿರಲಿಲ್ಲ, ಜೊತೆಯವರೆಲ್ಲ ಆಗಿದ್ದರು. ತನ್ನನ್ನು ಕತ್ತೆಗಳ ನಡುವೆ ಎಸೆದಿದ್ದಾರೆ ಎಂಬ ಕುದಿ ಅವನ ಮುಖದಲ್ಲಿ ಸದಾ ಇರುತ್ತಿತ್ತು. ಆ ಬೇಸಿಗೆ ಜನರಲ್ ಒಬ್ಬರು ತಪಾಸಣೆಗೆ ಬರುತ್ತಾರೆಂದು ತಿಳಿದ ದಿನದಿಂದ ಅವನಿಗೆ ನಿದ್ದೆ ಬಿಟ್ಟುಹೋಯಿತು.

ಮೊದಲು ಕತ್ತೆಗಳ ಗೊರಸಿಗೆಲ್ಲ ಬೂಟ್ ಪಾಲಿಶ್ ಹಚ್ಚಬೇಕೆಂದು ಆಜ್ಞೆಯಾಯಿತು. ನಾಲ್ಕು ಕಾಲಿನ ಅಷ್ಟೊಂದು ಪ್ರಾಣಿಗಳಿಗೆ ಹಚ್ಚಿದ ಮೇಲೆ ಆಳುಗಳ ಬೂಟಿಗೆ ಪಾಲಿಶ್ ಉಳಿಯಲಿಲ್ಲ. ಅವರು ಒಲೆಯ ಮಸಿಗೆ ಆಲಿವ್ ಎಣ್ಣೆ ಕಲಸಿ ಬಳಿದುಕೊಂಡರು, ಅದಕ್ಕೆ ನೊಣ ಮುತ್ತಿಕೊಂಡವು. ಆಮೇಲೆ ಲದ್ದಿಯ ಪ್ರಶ್ನೆ ಬಂತು. ಜನರಲ್ ನಡೆದು ಹೋಗುವಾಗ ನೆಲದ ಮೇಲೆ ಒಂದು ತುಣುಕೂ ಕಾಣಬಾರದು. ಒಬ್ಬ ಆಳು ಕತ್ತೆಯ ಲಗಾಮು ಹಿಡಿಯಬೇಕು, ಅದರ ಸ್ವಂತ ಆಳು ಬಕೆಟ್ ಹಿಡಿದು ಬಾಲದ ಕೆಳಗೆ ನೆಟ್ಟಗೆ ನಿಲ್ಲಬೇಕು. ಇದಕ್ಕೆ ತಾಲೀಮು ಕೂಡ ನಡೆಯಿತು. ಸ್ಕಾರಾಸ್ ತಾನೇ ಜನರಲ್ ಆಗಿ, ಕೈ ಹಿಂದೆ ಕಟ್ಟಿಕೊಂಡು ಸಾಲಿನ ಮುಂದೆ ಗಂಭೀರವಾಗಿ ನಡೆದ. ತಾಲೀಮಿನಲ್ಲಿ ಒಬ್ಬ ಆಳು ಬಕೆಟ್ ಸರಿಯಾದ ಹೊತ್ತಿಗೆ ಒಡ್ಡಲಿಲ್ಲ. ಅದರಿಂದ ಕ್ಯಾಪ್ಟನ್ನನ ನಂಬಿಕೆ ಕುಸಿದು, ಕೊನೆಯ ಆಜ್ಞೆ ಹೊರಬಿತ್ತು. ತಪಾಸಣೆಯ ಹಿಂದಿನ ದಿನದಿಂದ ಯಾವ ಕತ್ತೆಗೂ ಬಾರ್ಲಿಯೂ ಇಲ್ಲ, ಹುಲ್ಲೂ ಇಲ್ಲ.

ಅನೆಸ್ತಿಸ್ ಕಥೆ ಹೇಳುವಾಗ ಈ ಉಪವಾಸದ ಸಂಗತಿಯನ್ನು ಯಾವತ್ತೂ ಹೇಳುತ್ತಿರಲಿಲ್ಲ. ಕತ್ತೆಗೆ ತಿಕ್ಕಲು ಹಿಡಿದಿತ್ತು ಎಂದುಬಿಟ್ಟರೆ ನಗು ಹೆಚ್ಚು ಬರುತ್ತಿತ್ತು.

ಇಷ್ಟರಲ್ಲಿ ಲಾಜರೋಸ್‌ನ ಸಿಟ್ಟು ಇಳಿದುಹೋಗಿತ್ತು. ಬೆಟ್ಟದ ದಾರಿಯಲ್ಲಿ ಕತ್ತೆಯ ಜೊತೆ ಒಬ್ಬನೇ ನಡೆಯುವವನಿಗೆ ಯೋಚನೆ ಮಾಡಲು ಬೇಕಾದಷ್ಟು ಹೊತ್ತಿರುತ್ತದೆ. ಅಣ್ಣ ಹೋದರೆ ತಿರುಗಿ ಬರುತ್ತಾನೋ ಇಲ್ಲವೋ, ಆಡಿದ ಕೊನೆಯ ಮಾತು ಅದೇ ಆಗಿಬಿಟ್ಟರೆ ಗತಿಯೇನು ಎಂದುಕೊಂಡ. ಹಡಗು ಪಿರೇಯಸ್ ಬಂದರಿನಿಂದ ಹೊರಡುವ ದಿನ ತಿಳಿದಾಗ ರಜೆ ಕೇಳಿದ, ಸಿಕ್ಕಿತು. ತಪಾಸಣೆಯ ಮರುದಿನವೇ ಹೊರಡಬೇಕು. ಊರಿಗೆ ಹೋಗಿ ಅಣ್ಣನ ಜೊತೆಯಲ್ಲೇ ಬಂದರಿನವರೆಗೆ ಹೋಗುವುದೆಂದು ಚೀಲ ಕಟ್ಟಿ ಮಂಚದ ಕೆಳಗೆ ಇಟ್ಟಿದ್ದ. ಬರುತ್ತೇನೆಂದು ಊರಿಗೆ ಹೇಳಿ ಕಳಿಸಿಯೂ ಇದ್ದ.

ಜನರಲ್ ಬಂದರು. ದಪ್ಪಗೆ, ಬೆವರಿಕೊಂಡು, ಒಳ್ಳೆಯ ಮೂಡಿನಲ್ಲಿದ್ದರು. ಹಳ್ಳಿಯ ಮನೆಯಲ್ಲಿ ಪ್ರಾಣಿಗಳ ನಡುವೆ ಬೆಳೆದವರೆಂದು ಕಾಣುತ್ತದೆ, ಅಧಿಕಾರಿಗಳ ಕಡೆ ನೋಡದೆ ನೇರ ಕತ್ತೆಗಳ ಸಾಲಿಗೆ ಹೋದರು. ಕನೆಲಾಳ ಮುಂದೆ ನಿಂತು, ಎಂಥ ಚಂದದ ಪ್ರಾಣಿ ಎಂದು ಹೇಳಿ, ಸೆಖೆಗೆ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಗೊರಸಿನ ನಂಬರು ಓದಲು ಬಗ್ಗಿದರು. ಟೋಪಿಯ ಅಂಚಿನ ತುಂಬ ಚಿನ್ನದ ದಾರದಲ್ಲಿ ಎಲೆಗಳ ಕಸೂತಿ. ಹಿಂದಿನ ದಿನದಿಂದ ಹೊಟ್ಟೆಗಿಲ್ಲದ ಕನೆಲಾ ಕತ್ತು ಚಾಚಿ ಆ ಎಲೆಗಳಿಗೆ ಬಾಯಿ ಹಾಕಿತು. ಜನರಲ್ ಎಳೆದರು, ಕನೆಲಾ ಬಿಡಲಿಲ್ಲ. ಅಂಚು ಪರ್ರೆಂದು ಕಿತ್ತುಬಂತು. ಅದನ್ನು ಅದು ಕಣ್ಣು ಅರೆಮುಚ್ಚಿ, ಅವಸರವಿಲ್ಲದೆ ಅಗಿಯಿತು. ಲಗಾಮು ಹಿಡಿದ ಹುಡುಗ ಹೆದರಿ ಕಲ್ಲಾಗಿದ್ದ. ಬಾಲದ ಕೆಳಗೆ ಬಕೆಟ್ ಹಿಡಿದು ನಿಂತಿದ್ದ ಲಾಜರೋಸ್‌ಗೆ ಮುಂದುಗಡೆ ಏನಾಗುತ್ತಿದೆ ಎಂಬುದೇ ಕಾಣುತ್ತಿರಲಿಲ್ಲ. ಕಂಡಿದ್ದರೂ ಅಲುಗಾಡುವಂತಿರಲಿಲ್ಲ. ಅಲುಗಾಡಬಾರದೆಂದು ಆಜ್ಞೆಯಾಗಿತ್ತು.

ಜನರಲ್ ಬೈಯಲಿಲ್ಲ, ನಕ್ಕುಬಿಟ್ಟರು. ಬರಿತಲೆಯಲ್ಲಿ ಜೀಪು ಹತ್ತುವಂತಿಲ್ಲವೆಂದು ಕೈ ಚಾಚಿ ಕ್ಯಾಪ್ಟನ್ನನ ಟೋಪಿ ತೆಗೆದು ತಮ್ಮ ತಲೆಗೆ ಇಟ್ಟುಕೊಂಡರು. ಅದು ಚಿಕ್ಕದಾಗಿ ನೆತ್ತಿಯ ಮೇಲೆ ಕೂತಿತು. ಹಾಗೆಯೇ ಸೆಲ್ಯೂಟ್ ಮಾಡಿ ಹೊರಟುಹೋದರು. ಧೂಳು ಅಡಗುವವರೆಗೆ ಸ್ಕಾರಾಸ್ ಬರಿತಲೆಯಲ್ಲಿ ಪಡೆಯ ಮುಂದೆ ನಿಂತಿದ್ದ. ಯಾರೋ ಒಬ್ಬ ಕಿಸಕ್ಕೆಂದ. ಲಾಜರೋಸ್‌ನ ಗ್ರಹಚಾರ ಕೆಟ್ಟದ್ದು ಆ ಕಿಸಕ್‌ನಿಂದ.

ಸ್ಕಾರಾಸ್ ಕನೆಲಾಳನ್ನು ಬೇರೆ ಕೊಟ್ಟಿಗೆಯಲ್ಲಿ ಸರಪಳಿ ಹಾಕಿ ಕಟ್ಟಿ ಬಾಗಿಲಿಗೆ ‘ಬಂಧನದಲ್ಲಿದೆ’ ಎಂಬ ಹಲಗೆ ತೂಗುಹಾಕಿಸಿದ. ಸೈನ್ಯದ ಆಸ್ತಿಯಾದ ಟೋಪಿಯ ನಾಶಕ್ಕೆ ಅವಕಾಶ ಕೊಟ್ಟದ್ದಕ್ಕಾಗಿ ಲಾಜರೋಸ್‌ನನ್ನೂ ಲಾಕಪ್ಪಿಗೆ ಹಾಕಿಸಿದ. ರಜೆ ರದ್ದಾಯಿತು, ಒಳಗಿದ್ದಷ್ಟು ದಿನ ಅವನ ಸೈನ್ಯವಾಸಕ್ಕೂ ಸೇರಿಕೊಂಡಿತು. ಆದರೆ ಕನೆಲಾ ಬೇರೆಯವರ ಕೈಯಿಂದ ಮೇವು ತಿನ್ನದು. ಹಾಗಾಗಿ ಬೆಳಗ್ಗೆ ಸಂಜೆ ಬಂದೂಕು ಹಿಡಿದ ಒಬ್ಬ ಕಾವಲಿನವನು ಕೈದಿಯನ್ನು ಹೊರಗೆ ಬಿಟ್ಟು, ಇನ್ನೊಬ್ಬ ಕೈದಿಗೆ ಮೇವು ಹಾಕಿಸಿ, ಮತ್ತೆ ಒಳಗೆ ಹಾಕುತ್ತಿದ್ದ. ಹೆಚ್ಚು ದಿನ ಆ ಕಾವಲಿನವನು ಅನೆಸ್ತಿಸ್. ನಗು ತಡೆಯಲಾರದೆ ಅವನ ಬಂದೂಕು ಹೆಗಲಿನಿಂದ ಜಾರುತ್ತಿತ್ತು.

ಮೊದಲ ಸಂಜೆಯೇ ಲಾಜರೋಸ್ ಕ್ಯಾಪ್ಟನ್ನನನ್ನು ಕಾಣಬೇಕೆಂದು ಕೇಳಿಕೊಂಡ. ಹುಟ್ಟಿದಂದಿನಿಂದ ಯಾರ ಮುಂದೆಯೂ ಬೇಡದವನು ಅಂದು ಬೇಡಿದ. ಅಣ್ಣ ಹಡಗು ಹತ್ತುತ್ತಿದ್ದಾನೆ, ಹೋಗಿ ಬಂದು ಇದರ ಎರಡರಷ್ಟು ದಿನ ಒಳಗೆ ಕೂರುತ್ತೇನೆ ಎಂದ. ಸ್ಕಾರಾಸ್ ಕಾಗದದಿಂದ ತಲೆ ಎತ್ತಲಿಲ್ಲ.

"ನೀನು ಹೋಗದಿದ್ರೆ ಹಡಗು ಮುಳುಗಲ್ಲ," ಎಂದ.

ಕೊನೆಗೆ ಕಚೇರಿಯ ಗುಮಾಸ್ತನೊಬ್ಬ ಕನಿಕರಪಟ್ಟು ಊರಿನ ಕಾಫಿ ಅಂಗಡಿಗೆ ಫೋನ್ ಮಾಡಿದ. ಊರಿಗೆಲ್ಲ ಇದ್ದದ್ದು ಅದೊಂದೇ ಫೋನು, ಆಗ ಅಂಗಡಿ ಅನೆಸ್ತಿಸ್‌ನ ಅಪ್ಪನದು. ಮುದುಕ ಕೇಳಿದ್ದನ್ನು ಕೇಳಿದ ಹಾಗೆಯೇ ಜನ ತುಂಬಿದ ಅಂಗಡಿಯಲ್ಲಿ ಕೂಗಿ ಹೇಳಿದ: ಲಾಜರೋಸ್ ಬರುವುದಿಲ್ಲವಂತೆ, ಅವನ ಕತ್ತೆ ಜನರಲ್ ಟೋಪಿ ತಿಂದು ಇಬ್ಬರೂ ಜೈಲಿನಲ್ಲಿದ್ದಾರಂತೆ. ಅಂಗಡಿಯ ಮಾಡು ಹಾರಿಹೋಗುವಷ್ಟು ನಗು ಎದ್ದಿತು. ಯೊರ್ದಾನಿಸ್ ಹೊರಡುವ ಮುಂಚೆ ಎಲ್ಲರಿಗೂ ಒಂದು ಸುತ್ತು ಕುಡಿಸಲು ಬಂದು ಅಲ್ಲೇ ಕೌಂಟರಿನ ಪಕ್ಕ ನಿಂತಿದ್ದ. ಅವನು ಗ್ಲಾಸು ಕೆಳಗಿಟ್ಟ.

"ಬರಲ್ಲ ಅಂದಿದ್ದ, ಬರಲಿಲ್ಲ. ಸರಿ. ಆದ್ರೆ ಹೋಗೋವಾಗ್ಲೂ ನಂಗೆ ಟೋಪಿ ಹಾಕ್ಬೇಕಾಗಿತ್ತಾ?" ಎಂದನಂತೆ.

ಅಷ್ಟೇ. ಅವನು ಹೋದ. ಸೈನ್ಯ ಮುಗಿಸಿ ಬಂದ ಅನೆಸ್ತಿಸ್ ಊರಿಗೆಲ್ಲ ಅದು ನಿಜವೆಂದು ಸಾರಿದ, ಎಲ್ಲರೂ ನಂಬಿದರು. ನಂಬಬೇಕಾದವನು ಮಾತ್ರ ಸಮುದ್ರದ ಆಚೆ ಇದ್ದ. ಅಮ್ಮ ಯಾರ ಕೈಯಲ್ಲೋ ಅವನಿಗೆ ಕಾಗದ ಬರೆಸಿದಳು. ಅನೆಸ್ತಿಸ್ ಅವನ ಗೆಳೆಯ, ಏನು ಬೇಕಾದರೂ ಹೇಳುತ್ತಾನೆ ಎಂದು ಅಲ್ಲಿಂದ ಉತ್ತರ ಬಂತು. ಲಾಜರೋಸ್ ತಾನಾಗಿ ಒಂದು ಸಾಲೂ ಬರೆಯಲಿಲ್ಲ. ನಿಜ ಹೇಳಿದವನು ಯಾಕೆ ಸಾಕ್ಷಿ ಹುಡುಕಿಕೊಂಡು ಅಲೆಯಬೇಕು ಎನ್ನುತ್ತಿದ್ದ. ಅಪ್ಪ ಸತ್ತಾಗ ಅವನೊಬ್ಬನೇ ಹೆಣಕ್ಕೆ ಹೆಗಲು ಕೊಟ್ಟ. ಅಮ್ಮ ಸತ್ತಾಗ ಮೆಲ್ಬರ್ನ್‌ನಿಂದ ಕಾಫಿ ಅಂಗಡಿಗೆ ಫೋನ್ ಬಂತು, ಅನೆಸ್ತಿಸ್ ಮಾತಾಡಿದ. ಲಾಜರೋಸ್‌ನನ್ನು ಕರೆಯಲೇ ಎಂದು ಕೇಳಿದ್ದಕ್ಕೆ ಆಚೆಯವನು ಬೇಡವೆಂದ. ಆ ದಿನ ಅನೆಸ್ತಿಸ್ ಬರೆದುಕೊಂಡು ಅಂಗಡಿಯ ಗೋಡೆಗೆ ಅಂಟಿಸಿದ್ದ ಅಣ್ಣನ ಫೋನ್ ನಂಬರನ್ನು ಲಾಜರೋಸ್ ಒಮ್ಮೆ ನೋಡಿದ. ಅದು ಹಾಗೇ ಅವನ ತಲೆಯಲ್ಲಿ ಉಳಿದುಹೋಯಿತು. ಒಂದು ಸಲವೂ ತಿರುಗಿಸಲಿಲ್ಲ.

ಟೋಪಿಯ ಪ್ರಸಂಗವಾಗಿ ಇಪ್ಪತ್ತೈದು ವರ್ಷದ ಮೇಲೆ ಹಳೆಯ ಪಡೆಯವರು ಫ್ಲೋರಿನಾದಲ್ಲಿ ಒಮ್ಮೆ ಸೇರುವುದೆಂದು ಗೊತ್ತಾಯಿತು. ಓಡಾಡಿ ಎಲ್ಲ ಏರ್ಪಾಡು ಮಾಡಿದವನು ಅನೆಸ್ತಿಸ್. ಲಾಜರೋಸ್ ಬರುವುದಿಲ್ಲವೆಂದ. ಬರೀ ಕತ್ತೆ ಕಾಯ್ದ ಹುಡುಗರು ಕಣೋ, ಅಧಿಕಾರಿಗಳು ಒಬ್ಬರೂ ಇರುವುದಿಲ್ಲ ಎಂದು ಅನೆಸ್ತಿಸ್ ಆಣೆ ಮಾಡಿದ. ಕೊನೆಗೆ ಪಾರ್ಥೆನಾ, ಹೋಗಿ ನಾಲ್ಕು ಜನರ ಮುಖ ನೋಡಿ ಬನ್ನಿ, ಮನೆಯಲ್ಲಿ ನನ್ನ ಮುಖಕ್ಕೆ ಸಿಡುಕಿದ್ದು ಸಾಕು ಎಂದು ಇಸ್ತ್ರಿ ಮಾಡಿದ ಅಂಗಿ ಕೊಟ್ಟು ಕಳಿಸಿದಳು.

ಫ್ಲೋರಿನಾದ ಊಟದ ಮನೆಯ ಉದ್ದ ಮೇಜಿನ ತುದಿಯಲ್ಲಿ ಸ್ಕಾರಾಸ್ ಕೂತಿದ್ದ. ಮೇಜರ್ ಆಗಿ ನಿವೃತ್ತನಾಗಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಪಕ್ಕದಲ್ಲಿ ಕೋಲು. ಎಲ್ಲರ ಬೆನ್ನು ತಟ್ಟುತ್ತ, ಮಕ್ಕಳುಮರಿ ವಿಚಾರಿಸುತ್ತ ಕೂತಿದ್ದ ಆ ಮುದುಕನನ್ನು ಕಂಡು ಲಾಜರೋಸ್ ಬಾಗಿಲಲ್ಲೇ ತಿರುಗಿದ. ಅನೆಸ್ತಿಸ್ ತೋಳು ಹಿಡಿದುಕೊಂಡ. ಬಸ್ಸು ಸಂಜೆಗೆ, ಎಲ್ಲಿಗೆ ಹೋಗುತ್ತೀಯ ಎಂದ. ಲಾಜರೋಸ್ ಮೇಜಿನ ಇನ್ನೊಂದು ತುದಿಯಲ್ಲಿ, ಗೋಡೆಗೆ ಒರಗಿ ಕೂತ.

ಹುರುಳಿಕಾಯಿ ಪಲ್ಯ ಬಂತು, ಸುಟ್ಟ ಕೆಂಪು ಮೆಣಸಿನಕಾಯಿ ಬಂತು, ಕುರಿಮಾಂಸ ಬಂತು, ತ್ಸಿಪುರೊ ಎಂಬ ದ್ರಾಕ್ಷಿ ಸಾರಾಯಿ ಸುತ್ತು ಹೊಡೆಯಿತು. ಲಾಜರೋಸ್ ಒಂದು ತುತ್ತೂ ಮುಟ್ಟಲಿಲ್ಲ. ಯಾರೋ ಟೋಪಿಯ ಕಥೆ ಆಗಲಿ ಎಂದರು. ಅನೆಸ್ತಿಸ್ ಏಳುವಷ್ಟರಲ್ಲಿ, ಮೇಜರ್ ಕೋಲಿನಿಂದ ನೆಲ ಕುಟ್ಟಿ, ಇದು ನನ್ನ ಕಥೆ, ನಾನೇ ಹೇಳುತ್ತೇನೆ ಎಂದ. ಚೆನ್ನಾಗಿಯೇ ಹೇಳಿದ. ಪಾಲಿಶ್, ಬಕೆಟ್ಟು, ಕತ್ತೆಯ ಬಾಗಿಲಿನ ಹಲಗೆ, ಎಲ್ಲ ಬಂದವು. ಅವನ ಕಥೆಯಲ್ಲಿ ಆಳು ಒಬ್ಬ ಪೆದ್ದ, ನಿಂತಲ್ಲೇ ನಿದ್ದೆ ಹೊಡೆಯುತ್ತಿದ್ದ. ಮೇಜು ಕುಟ್ಟಿ ಕುಟ್ಟಿ ನಕ್ಕರು.

"ಏನ್ ಹೆಸ್ರೋ ಆ ಹುಡುಗಂದು, ಮರ್ತೇ ಹೋಯ್ತು," ಎಂದ ಮೇಜರ್ ಕಣ್ಣೊರೆಸಿಕೊಳ್ಳುತ್ತ. "ಕನೆಲಾ ಹೆಸ್ರು ಮಾತ್ರ ಸಾಯೋವರೆಗೂ ಮರೆಯಲ್ಲ. ಎಂಥಾ ಪ್ರಾಣಿ."

ಲಾಜರೋಸ್ ಎದ್ದು ನಿಂತ. ಅನೆಸ್ತಿಸ್‌ಗೆ ಅವನು ಹೊರಗೆ ಹೋಗುತ್ತಾನೆಂದೇ ಅನಿಸಿತ್ತು.

"ಆ ಹುಡುಗ ನಾನೇ," ಎಂದ ಲಾಜರೋಸ್. "ನನ್ ಹೆಸ್ರು ಲಾಜರೋಸ್. ನಾನು ನಿದ್ದೆ ಮಾಡ್ತಿರ್ಲಿಲ್ಲ. ನೀವು ಹೇಳಿದ ಕಡೆ ಬಕೆಟ್ ಹಿಡ್ಕೊಂಡು ನಿಂತಿದ್ದೆ."

ಇನ್ನೂ ಜೋರಾಗಿ ನಗು ಎದ್ದಿತು. ಮೇಜರ್ ತೋಳು ಅಗಲಿಸಿ ಬಾ ಮಗನೇ ಎಂದ. ಲಾಜರೋಸ್ ನಿಂತಲ್ಲಿಂದ ಕದಲಲಿಲ್ಲ. ಕತ್ತೆಗಳಿಗೆ ಹೊಟ್ಟೆಗಿಲ್ಲದಂತೆ ಮಾಡಿಸಿದ್ದು ಯಾರೆಂದು ಅವನು ಹೇಳತೊಡಗಿದ. ಇದೂ ತಮಾಷೆಯೇ ಎಂದುಕೊಂಡು ಕೆಲವರು ನಗುತ್ತಲೇ ಇದ್ದರು. ಅವನು ಮೇಜಿನ ಮೇಲೆ ಎರಡೂ ಕೈ ಊರಿ, ದನಿ ಏರಿಸದೆ, ರಜೆಯ ವಿಷಯ ಹೇಳಿದ. ಮಂಚದ ಕೆಳಗಿನ ಚೀಲ, ಬೇಡಿಕೊಂಡದ್ದು, ಹಡಗು ಮುಳುಗುವುದಿಲ್ಲ ಎಂದ ಮಾತು, ಕಾಫಿ ಅಂಗಡಿಯ ನಗು, ಅಣ್ಣ ಇಟ್ಟ ಗ್ಲಾಸು. ಒಬ್ಬೊಬ್ಬರೇ ನಗುವುದನ್ನು ನಿಲ್ಲಿಸಿದರು.

"ನನ್ನಣ್ಣ ಇವತ್ತಿಗೂ ನನ್ನ ಸುಳ್ಳ ಅಂದ್ಕೊಂಡಿದಾನೆ," ಎಂದ. "ನೀವೆಲ್ಲ ಹೊಟ್ಟೆ ತುಂಬ ನಕ್ರಿ. ನಗಿ. ಆದ್ರೆ ಮೇಜರ್ ಸಾಹೇಬ್ರೆ, ಇಲ್ಲಿ ಇಷ್ಟು ಚೆನ್ನಾಗಿ ಹೇಳಿದ್ದನ್ನ ಅವನಿಗೂ ಒಂದ್ಸಲ ಹೇಳ್ಬಿಡಿ. ಫೋನ್ ಅಲ್ಲೇ ಇದೆ."

ಮೇಜರ್‌ನ ಮುಖ ಬಿಗಿಯಿತು. ಅದೆಲ್ಲ ಹಳೆಯ ಮಾತು, ನಿಯಮದ ಪ್ರಕಾರವೇ ಮಾಡಿದ್ದು, ಈಗ ಅದನ್ನೆಲ್ಲ ಕೆದಕಿ ಊಟ ಕೆಡಿಸಬೇಡ ಎಂದ. ಬೆಂಬಲಕ್ಕೆಂದು ಎಡಬಲ ನೋಡಿದ. ಎಡಗಡೆಯವನು ಬ್ರೆಡ್ಡಿನ ಪುಡಿ ಗುಡ್ಡೆ ಮಾಡುತ್ತಿದ್ದ. ಬಲಗಡೆ ಕೂತಿದ್ದವನು ಅಂದು ಕನೆಲಾಳ ಲಗಾಮು ಹಿಡಿದಿದ್ದ ಹುಡುಗ, ಈಗ ಬೋಳುತಲೆಯ ಗಂಡಸು. ಅವನು ತಟ್ಟೆಯ ಮೇಲಿನಿಂದ ಕಣ್ಣೆತ್ತದೆ, ಒಂದು ಫೋನ್ ತಾನೇ ಸಾರ್ ಎಂದ. ಮುದುಕ ಕೋಲು ಊರಿ ಎದ್ದ.

ನಂಬರು ತಿರುಗಿಸಿದ್ದು ಲಾಜರೋಸ್. ಬೆರಳು ತಡವರಿಸಲಿಲ್ಲ. ಮೆಲ್ಬರ್ನ್‌ನಲ್ಲಿ ಆಗ ರಾತ್ರಿ ಊಟ ಮುಗಿಸಿ ಮಲಗುವ ಹೊತ್ತು. ಬಹಳ ಹೊತ್ತು ಗಂಟೆ ಹೊಡೆದು, ಗಂಡಸಿನ ದನಿಯೊಂದು ಇಂಗ್ಲಿಷಿನಲ್ಲಿ ಏನೋ ಅಂದಿತು. ಲಾಜರೋಸ್ ರಿಸೀವರನ್ನು ಮೇಜರ್ ಕೈಗೆ ತುರುಕಿದ.

ಮೇಜರ್ ಪಡೆಯ ಮುಂದೆ ನಿಂತವನಂತೆ ನೆಟ್ಟಗಾದ. ತನ್ನ ಹೆಸರು, ಹುದ್ದೆ ಹೇಳಿದ. ಇಂಥ ವರ್ಷ ಇಂಥ ಪಡೆಯಲ್ಲಿ ನಿಮ್ಮ ತಮ್ಮನ ಸುಪರ್ದಿನಲ್ಲಿದ್ದ ಹೇಸರಗತ್ತೆ ಜನರಲ್ ಅವರ ಟೋಪಿ ತಿಂದದ್ದು ಸತ್ಯ, ಅವನ ರಜೆ ರದ್ದು ಮಾಡಿ ಒಳಗೆ ಹಾಕಿದ್ದು ನಾನೇ ಎಂದು ವರದಿ ಒಪ್ಪಿಸಿದಂತೆ ಹೇಳಿದ. ಆಮೇಲೆ ಆಚೆಯ ದನಿ ಸುತ್ತ ನಿಂತವರಿಗೂ ಕೇಳುವಷ್ಟು ಜೋರಾಗಿ ಬಂತು.

"ಎಷ್ಟ್ ಕುಡ್ಸಿದ್ನೋ ತಾತ, ನನ್ ತಮ್ಮ ನಿಂಗೆ?"

ಮೇಜರ್ ಕಿವಿಯವರೆಗೆ ಕೆಂಪಾದ. ಕುಡಿದಿಲ್ಲವೆಂದ. ಪ್ರಮಾಣ ಮಾಡುತ್ತೇನೆಂದ. ಆಚೆಯವನು, ಹಾಗಾದರೆ ಕತ್ತೆಯನ್ನೇ ಫೋನಿಗೆ ಕರೆ ಎಂದ. ಮುದುಕ ಕೋಲಿನಿಂದ ಕೌಂಟರಿಗೆ ಬಾರಿಸಿದ.

"ನಾನು ಸುಳ್ಳು ಹೇಳ್ತೀನೇನೋ? ನನ್ನ ಯಾರು ಅಂದ್ಕೊಂಡಿದೀಯ? ನಾನು ಕಣ್ಣಾರೆ ನೋಡಿದೀನಿ, ಕಣ್ಣಾರೆ."

ಮುದುಕನ ಸುಕ್ಕುಗಟ್ಟಿದ ಕತ್ತಿನಲ್ಲಿ ಉಬ್ಬಿದ ನರಗಳನ್ನು ಲಾಜರೋಸ್ ತೀರ ಹತ್ತಿರದಿಂದ ನೋಡಿದ. ಕನಿಕರ ಬರುತ್ತದೇನೋ ಎಂದು ಕಾದ. ಬರಲಿಲ್ಲ. ಎರಡು ನಿಮಿಷಕ್ಕೇ ಹೀಗಾದೆಯಲ್ಲ, ನಾನು ಇದನ್ನು ಮಡಿಲಲ್ಲಿ ಇಟ್ಟುಕೊಂಡು ಮುದುಕನಾಗುತ್ತಿದ್ದೇನೆ ಎಂದು ಮಾತ್ರ ಅನಿಸಿತು. ಅವನ ಕೈಯಿಂದ ರಿಸೀವರ್ ಕಿತ್ತುಕೊಂಡ.

"ಅಣ್ಣ, ನಾನು. ಇಡಬೇಡ."

ಯೊರ್ದಾನಿಸ್ ಮಾತಾಡಿದ. ದನಿ ತಗ್ಗಿತ್ತು.

"ನಿನ್ ದನಿ ಅಪ್ಪಂದೇ ಆಗೋಗಿದೆ. ಕತ್ತೆ ವಿಷ್ಯ ಬಿಡು. ಬರ್ಬೇಕು ಅಂತ ಇದ್ಯಾ ಇಲ್ವಾ, ಅದೊಂದು ಹೇಳು."

"ಚೀಲ ಕಟ್ಟಿ ಇಟ್ಟಿದ್ದೆ."

"ಮತ್ಯಾಕೋ ನೀನಾಗ್ ನೀನು ಒಂದ್ ಸಾಲೂ ಬರೀಲಿಲ್ಲ? ಅಮ್ಮ ಯಾರ ಕೈಲೋ ಬರೆಸಿದ್ರೆ ನಾನ್ ನಂಬ್ಬೇಕಾಗಿತ್ತಾ?"

"ನೀನ್ಯಾಕ್ ಕೇಳ್ಲಿಲ್ಲ? ಅಮ್ಮ ಸತ್ತಾಗ ಕರೀತೀನಿ ಅಂದ್ರೆ ಬೇಡ ಅಂದೆ. ಅಪ್ಪನ್ನ ನಾನೊಬ್ನೇ ಹೊತ್ತೆ, ಗೊತ್ತಾ ನಿಂಗೆ?"

ಅಲ್ಲಿಂದ ಜಗಳ ಹತ್ತಿಕೊಂಡಿತು. ಊಟದ ಮನೆಯವರು ಒಬ್ಬೊಬ್ಬರಾಗಿ ಮೇಜಿಗೆ ಮರಳಿ, ಕೇಳಿಸಿಕೊಳ್ಳದವರಂತೆ ತಣ್ಣಗಾದ ಮಾಂಸ ತಿಂದರು. ಮೇಜರ್ ಎದ್ದು ಹೋದದ್ದನ್ನು ಯಾರೂ ಗಮನಿಸಲಿಲ್ಲ. ಲಾಜರೋಸ್ ಗೋಡೆಯ ಕಡೆ ಮುಖ ಮಾಡಿ ಕೂಗುತ್ತಲೇ ಇದ್ದ. ಹೊಲದ ಮಾತು, ಅಪ್ಪನ ಸೊಂಟದ ಮಾತು, ಹೋದವನ ಸುಖ, ಉಳಿದವನ ಸುಖ. ಅಲ್ಲಿ ಕಾರ್ಖಾನೆಯಲ್ಲಿ ಎರಡು ಬೆರಳು ಕಳೆದುಕೊಂಡಿದ್ದೇನೆ, ಅದು ನಿನಗೆ ಗೊತ್ತೇ ಎಂದು ಯೊರ್ದಾನಿಸ್ ಕೂಗಿದ. ಗೊತ್ತಿರಲಿಲ್ಲ. ಅದಕ್ಕೂ ಲಾಜರೋಸ್‌ಗೆ ಸಿಟ್ಟು ಬಂತು, ಹೇಳದೆ ಇದ್ದರೆ ಹೇಗೆ ಗೊತ್ತಾಗುತ್ತದೆ ಎಂದು ಬೈದ. ಲೈನು ತಾನಾಗಿ ಕಡಿದುಹೋಗುವವರೆಗೆ ಇಬ್ಬರೂ ರಿಸೀವರ್ ಇಡಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಅವನು ಅನೆಸ್ತಿಸ್ ಪಕ್ಕ ಕೂರಲಿಲ್ಲ. ಥೆಸಲೊನೀಕಿಯಲ್ಲಿ ಬಸ್ಸು ಬದಲಿಸುವಾಗ ಅನೆಸ್ತಿಸ್ ತಾನಾಗಿಯೇ ಹತ್ತಿರ ಬಂದ. ಮೇಜರ್ ಬರುವುದು ಗೊತ್ತಿದ್ದೂ ಆಣೆ ಮಾಡಿದ್ದು ತಪ್ಪು ಎಂದ.

"ಕಥೆ ಹೇಳ್ಬೇಡ ಅಂತ ನೀನೂ ಒಂದಿನ ಬಾಯ್ಬಿಟ್ಟು ಹೇಳ್ಲಿಲ್ಲ ಕಣೋ," ಎಂದ.

"ಎದ್ದು ಎದ್ದು ಹೋಗ್ತಿದ್ನಲ್ಲ, ಅದೇನ್ ಉಚ್ಚೆ ಹೊಯ್ಯೋಕಾ?" ಎಂದ ಲಾಜರೋಸ್. "ಎಲ್ಲಾ ನೋಡಿದ್ದವನು ನೀನು. ಲಾಕಪ್ಪಲ್ಲಿ ನಾನು ಅತ್ತಿದ್ದೂ ನೋಡಿದೀಯ. ಅದನ್ನ ಒಂದ್ ಮದುವೇಲಾದ್ರೂ ಹೇಳಿದ್ಯಾ?"

ಆಮೇಲೆ ಊರಿನ ಮದುವೆಗಳಲ್ಲಿ ಅನೆಸ್ತಿಸ್ ಬೇರೆ ಬೇರೆ ಕಥೆ ಹೇಳಿ ನೋಡಿದ, ಯಾವುದೂ ಅಷ್ಟು ರುಚಿಸಲಿಲ್ಲ. ಇಬ್ಬರ ಗೆಳೆತನ ಉಳಿಯಿತು, ಆದರೆ ಒಂದು ವರ್ಷ ಲಾಜರೋಸ್ ಅವನ ಅಂಗಡಿಯ ಕಾಫಿ ಕುಡಿಯಲಿಲ್ಲ. ಮೇಜರ್ ಸತ್ತ ಸುದ್ದಿ ಬಂದಾಗ ಹೆಣದ ಮೇಲಿಡುವ ಹಾರಕ್ಕೆ ಹಳೆಯ ಪಡೆಯವರೆಲ್ಲ ಕೈಲಾದ್ದು ಹಾಕಿದರು. ಲಾಜರೋಸ್ ಹಾಕಲಿಲ್ಲ, ಯಾಕೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಫ್ಲೋರಿನಾದಿಂದ ಬಂದ ಬೇಸಿಗೆಯಲ್ಲೇ ಪಾರ್ಥೆನಾ ಹಟ ಹಿಡಿದು ಮನೆಗೆ ಫೋನ್ ಹಾಕಿಸಿ, ನಂಬರನ್ನು ತಾನೇ ಮೆಲ್ಬರ್ನ್‌ಗೆ ತಿಳಿಸಿದ್ದಳು. ಮೊದಲ ಭಾನುವಾರ ಇಗರ್ಜಿಯಿಂದ ಬಂದು ಅಂಗಿ ಬಿಚ್ಚುವ ಮುಂಚೆಯೇ ಅದು ಹೊಡೆದುಕೊಂಡಿತು. ಯೊರ್ದಾನಿಸ್ ಕುಶಲ ಕೇಳಲಿಲ್ಲ. ಅಪ್ಪನ ಹೊಲದ ಮೇಲಿನ ತುದಿಯಲ್ಲಿದ್ದ ಆಕ್ರೋಟು ಮರ ಕಡಿದೆಯಂತೆ, ಯಾರನ್ನು ಕೇಳಿ ಕಡಿದೆ ಎಂದ. ಸಿಡಿಲು ಹೊಡೆದು ಒಣಗಿದ್ದ ಮರ ಅದು ಎಂದು ಲಾಜರೋಸ್ ಕಿರುಚಿದ. ಸಿಡಿಲು ಹೊಡೆಯಿತು ಎಂದರೆ ನಾನು ನಂಬಬೇಕೇ ಎಂದು ಆಚೆಯವನು ಕಿರುಚಿದ. ಪಾರ್ಥೆನಾ ಅಕ್ಕಪಕ್ಕದವರಿಗೆ ಕೇಳಿಸೀತೆಂದು ಕಿಟಕಿ ಮುಚ್ಚಲು ಎದ್ದಳು. ಲಾಜರೋಸ್ ಬಲಗೈಯಲ್ಲಿ ರಿಸೀವರ್ ಹಿಡಿದು, ಎಡಗೈಯಿಂದ ಅವಳಿಗೆ ಬೇಡವೆಂದು ಸನ್ನೆ ಮಾಡಿ, ಕುರ್ಚಿ ಎಳೆದುಕೊಂಡು ಕೂತ.